ಬಾಗಿಲ ಮೇಲಿನ ಹದಿನಾಲ್ಕು

ಕಾರೆಮಾಳ
ಬಂಕ್ ಮುಚ್ಚಿದ ಐವತ್ತೊಂಬತ್ತನೇ ವರ್ಷ, ಹೊಂಗೆಕಾಯಿ ತಿಂಗಳು, ದೂರದ ಓಟಕ್ಕೆ ಇನ್ನು ಮೂರು ದಿನ
(ನಿಮ್ಮ ಎಣಿಕೆಯಲ್ಲಿ ಇದು 2133ನೇ ಇಸವಿ ಇರಬೇಕು)

ಮುತ್ತಾತ ಜಡೇಮಾದಯ್ಯನವರಿಗೆ ನಿಮ್ಮ ಮರಿಮೊಮ್ಮಗಳು ಮುದ್ದುತಾಯಿಯ ಶರಣು.

ನನ್ನ ಮಾತು ನಿಮಗೆ ಅರ್ಧ ತಿಳಿದೀತು, ಅರ್ಧ ತಿಳಿಯಲಿಕ್ಕಿಲ್ಲ. ಮೊದಲೇ ಕ್ಷಮೆ ಕೇಳುತ್ತೇನೆ. ನೀವು ತಂದ ಪಿಕಪ್ ಗಾಡಿ ಇನ್ನೂ ನಮ್ಮ ಅಂಗಳದಲ್ಲೇ ಇದೆ. ಎಂಜಿನ್ ಮೂರು ಸಲ ಬಿಚ್ಚಿ ಕಟ್ಟಿದ್ದಾಗಿದೆ, ಹಿಂದಿನ ಹಲಗೆಗಳು ಹೊನ್ನೆ ಮರದವು, ಆದರೆ ಎಡಗಡೆಯ ಬಾಗಿಲು ಮಾತ್ರ ನೀವು ಕೈಯಿಟ್ಟು ಮುಚ್ಚುತ್ತಿದ್ದ ಅದೇ ಬಾಗಿಲು. ಗಾಡಿ ದೂರದ ಓಟಕ್ಕೆ ಹೊರಡುವ ಮುಂಚೆ ಅದನ್ನು ತಂದ ಹಿರಿಯನಿಗೊಂದು ಪತ್ರ ಬರೆದು ಟೂಲ್ ಬಾಕ್ಸಿನಲ್ಲಿಡುವುದು ನಮ್ಮ ಮನೆಯ ಪದ್ಧತಿ. ಯಾವಾಗಲೂ ನಾಲ್ಕೇ ಸಾಲು. ಕಾಪಾಡು, ಟೈರು ಸಿಡಿಯದಿರಲಿ, ಆನೆ ಅಡ್ಡ ಬರದಿರಲಿ, ಹೋದವರು ತಿರುಗಿ ಬರಲಿ. ಈ ಸಲ ನಾಲ್ಕು ಸಾಲಿಗೆ ನಿಲ್ಲುವ ಹಾಗಿಲ್ಲ ತಾತ.

ನಮ್ಮ ಕಾಲದ ಸಂಗತಿ ಒಂದಿಷ್ಟು ಹೇಳಿಬಿಡುತ್ತೇನೆ. ನಿಮ್ಮ ಡೀಸೆಲ್ ನಾನು ಹುಟ್ಟುವಾಗ ಉಸಿರಾಡುತ್ತಿತ್ತಂತೆ, ನಾನು ಲಂಗ ಉಟ್ಟುಕೊಂಡು ಓಡಾಡುವ ಮೊದಲೇ ಬಂಕುಗಳಿಗೆ ಬೀಗ ಬಿತ್ತು. ಬಯಲುಸೀಮೆಯವರಿಗೆ ಬಿಸಿಲುಬಂಡಿಗಳಿವೆ. ಬಿಸಿಲಲ್ಲಿ ನಿಲ್ಲಿಸಿದರೆ ಹೊಟ್ಟೆ ತುಂಬಿಕೊಂಡು ಎರಡು ಆಳನ್ನು ಹೊತ್ತು ಓಡುವ ಬಂಡಿ. ನಮ್ಮ ಮಲೆಯ ಏರು ಕಂಡರೆ ಅದು ಹಟಮಾರಿ ಕತ್ತೆಯ ಹಾಗೆ ನಿಂತುಬಿಡುತ್ತದೆ. ಹಾಗಾಗಿ ಬೆಟ್ಟದ ಊರಿಗೊಂದು ಹಳೆಯ ಪಿಕಪ್ ಉಳಿಸಿಕೊಂಡಿದ್ದೇವೆ. ಅದಕ್ಕೆ ಹೊಂಗೆ ಎಣ್ಣೆ. ಕಾಯಿ ಉದುರುವ ತಿಂಗಳಲ್ಲಿ ಪ್ರತಿ ಮನೆಯವರೂ ಬೆಳಿಗ್ಗೆ ಗುಡ್ಡ ಸುತ್ತಿ ಆಯ್ದು ತರಬೇಕು, ಬಡಿದು ಬೀಜ ಬಿಡಿಸಬೇಕು. ನಾಲ್ಕು ಕಿಲೋ ಬೀಜ ಅರೆದರೆ ಒಂದು ಲೀಟರು. ಬೆರಳ ಸಂದಿಯ ಕಮಟು ವಾಸನೆ ಯುಗಾದಿಯ ಎಣ್ಣೆಸ್ನಾನಕ್ಕೂ ಹೋಗುವುದಿಲ್ಲ. ಹನ್ನೆರಡು ಊರಿನ ಎಣ್ಣೆಯನ್ನು ಒಟ್ಟುಮಾಡಿ ಎಣ್ಣೆಕಟ್ಟೆಯಲ್ಲಿ ಹಂಚುತ್ತಾರೆ. ಅದಕ್ಕೆ ಪಾಲೆಣ್ಣೆ ಎನ್ನುತ್ತೇವೆ. ಜಾತ್ರೆಗಿಲ್ಲ, ಮದುವೆಗಿಲ್ಲ. ಕಾಯಿಲೆಗೆ, ಹೆರಿಗೆಗೆ, ಹಾವು ಕಚ್ಚಿದರೆ, ಅಷ್ಟೇ.

ಈಗ ಬರುತ್ತೇನೆ ನಿಮ್ಮ ಬಾಗಿಲಿಗೆ. ಅದರ ಮೇಲೆ ಹಳದಿ ಬಣ್ಣದಲ್ಲಿ ನೀವು ಬರೆಸಿದ್ದು ಇನ್ನೂ ಇದೆ: ಲೀಟರಿಗೆ ೧೪. ನಮ್ಮವರು ಅದನ್ನು ಬಾಗಿಲಂಕಿ ಎಂದು ಕರೆಯುತ್ತಾರೆ. ಮೀಟರುಗಳು ಸತ್ತು ಎಷ್ಟೋ ಕಾಲವಾಯಿತು, ಹಿರಿಯರು ಬರೆಸಿದ್ದೇ ಪ್ರಮಾಣ. ಹೋಗುವ ದಾರಿಯನ್ನು ಬಾಗಿಲಂಕಿಯಿಂದ ಭಾಗಿಸಿ ಬಂದಷ್ಟು ಎಣ್ಣೆ ಅಳೆದು ಹಾಕುವುದು ಎಣ್ಣೆಕಟ್ಟೆಯ ಕಾನೂನು, ಬರುವ ದಾರಿಯದು ಪೇಟೆಯ ಕಟ್ಟೆಯಲ್ಲಿ ಸಿಗುತ್ತದೆ. ಇನ್ನೊಂದು ಕಾನೂನೂ ಇದೆ. ಬಾಗಿಲಂಕಿ ಹನ್ನೆರಡಕ್ಕಿಂತ ಕೆಳಗಿದ್ದರೆ ಅಂಥ ಗಾಡಿಗೆ ಪಾಲಿಲ್ಲ, ಅದನ್ನು ಒಡೆದು ಕಬ್ಬಿಣಕ್ಕೆ ಹಾಕಬೇಕು. ಎಣ್ಣೆ ಕುಡಿಯುವ ಗಾಡಿಯನ್ನು ಸಾಕುವ ಶಕ್ತಿ ಯಾರಿಗಿದೆ? ಹದಿನಾಲ್ಕರ ಗಾಡಿ ಈ ಸೀಮೆಯಲ್ಲಿ ನಮ್ಮದೊಂದೇ. ಆ ಅಂಕಿಯಿಂದಲೇ ನಮ್ಮದು ಗಾಡಿಮನೆ, ಅದರಿಂದಲೇ ನಾನು ಗಾಡಿಯ ಕಾವಲುಗಾರ್ತಿ, ಅದರಿಂದಲೇ ಊರವರು ನಮಗೆ ಮೊದಲ ಮಣೆ ಹಾಕುವುದು.

ಆ ಹದಿನಾಲ್ಕು ಸುಳ್ಳು. ಅದು ನಿಮಗೆ ಗೊತ್ತು, ನನಗೆ ಗೊತ್ತು.

ನನಗೆ ಎಂಟು ವರ್ಷವಿದ್ದಾಗ ನನ್ನಜ್ಜಿ, ಅಂದರೆ ನಿಮ್ಮ ಸೊಸೆ, ನಗುನಗುತ್ತ ಹೇಳಿದ ಕಥೆ ಅದು. ಆಕೆಗೆ ಹೇಳಿದವರು ನಿಮ್ಮ ಹೆಂಡತಿ. ಅರಿಶಿನದ ಲೋಡು ಇಳಿಸಿ ಬಂದು ಪಿಕಪ್ಪಿನವರೆಲ್ಲ ಟೀ ಅಂಗಡಿ ಮುಂದೆ ಕೂತಿದ್ದಿರಂತೆ. ಮೈಲೇಜಿನ ಮಾತು ಬಂತು. ನೀವು ತೊಡೆ ತಟ್ಟಿಕೊಂಡು ಹೇಳಿದಿರಂತೆ: "ಯಾವನಿಗ್ ಬೇಕ್ಲಾ ಮೈಲೇಜು? ಮೈಲೇಜ್ ಬೇಕು ಅನ್ನೋನು ಸ್ಕೂಟ್ರು ತಕ್ಕೊಳ್ಲಿ. ಪಿಕಪ್ ಅಂದ್ರೆ ಲೋಡು ಎಳೀಬೇಕು, ಮಲೆ ಹತ್ತಬೇಕು, ಅಷ್ಟೆಯಾ!" ಎದುರಿಗಿದ್ದ ಇನ್ನೊಂದು ಗಾಡಿಯ ಕೆಂಡಗಣ್ಣ ಟೀ ಹೀರುತ್ತ, "ನಿನ್ ಗಾಡಿ ಎಂಟೂ ಕೊಡಕ್ಕಿಲ್ಲ, ಅದ್ಕೇ ಹಂಗಂತೀಯ" ಎಂದನಂತೆ. ಅಷ್ಟೇ ಸಾಕಾಯಿತು. ಮೈಲೇಜು ಬೇಡವೆಂದ ಬಾಯಲ್ಲೇ "ಹದಿನಾಲ್ಕು ಕೊಡ್ತದೆ ಕನ್ಲಾ!" ಎಂದಿರಿ. ಮರುದಿನ ಪೇಂಟರನ್ನು ಕರೆಸಿ ಬಾಗಿಲ ಮೇಲೆ ಬರೆಸಿದಿರಿ, ಕೆಂಡಗಣ್ಣನ ಮನೆಬೀದಿಯಲ್ಲಿ ಎರಡು ಸಲ ಹೋಗಿಬಂದಿರಿ. ಮನೆಗೆ ಬಂದು ಹೆಂಡತಿಯ ಹತ್ತಿರ ಮಾತ್ರ, "ಒಂಬತ್ತು ಕೊಟ್ರೆ ಮಾದಪ್ಪನ ಪುಣ್ಯ ಕನಮ್ಮಿ" ಎಂದು ನಕ್ಕಿರಂತೆ. ಇಳಿಜಾರಿನಲ್ಲಿ ಗೇರು ತೆಗೆದು ಜಾರಿಸಿಕೊಂಡು ಬರುತ್ತಿದ್ದಿರಂತೆ, ಬಂಕಿನವನು ಪೈಪು ಎತ್ತಿದ ಮೇಲೂ ಅಲ್ಲಾಡಿಸಿ ಕಡೆಯ ಹನಿ ಹಾಕಿಸಿಕೊಳ್ಳುತ್ತಿದ್ದಿರಂತೆ. ಮೈಲೇಜು ಬೇಡದವರು ಮಾಡುವ ಕೆಲಸವೇ ಇದು? ನಿಮ್ಮಂಥ ಜಂಬದ ಕೋಳಿ ನಮ್ಮ ವಂಶದಲ್ಲಿ ಇನ್ನೊಂದು ಹುಟ್ಟಿಲ್ಲ.

ಚಿಕ್ಕಂದಿನಲ್ಲಿ ನಾನೂ ನಕ್ಕಿದ್ದೆ. ಹನ್ನೊಂದು ವರ್ಷದ ಹಿಂದೆ ಆ ನಗೆ ನಿಂತುಹೋಯಿತು. ಎಣ್ಣೆಕಟ್ಟೆಯ ಅಳತೆಗಾರ ರಾಚಪ್ಪನ ಹೆಂಡತಿಗೆ ಎದೆನೋವು ಬಂತು. ಪೇಟೆಯ ಆಸ್ಪತ್ರೆ ಅರವತ್ತನಾಲ್ಕು ಕಿಲೋಮೀಟರು. ಮುಂಚೆಲ್ಲ ಎರಡು ಮೂರು ಲೀಟರು ಧಾರಾಳವಾಗಿ ಹಾಕುತ್ತಿದ್ದರು, ಆ ವರ್ಷ ಕಾಯಿ ಕಮ್ಮಿ, ಬಾಗಿಲಂಕಿಯ ಪ್ರಕಾರ ರಾಚಪ್ಪ ತನ್ನ ಕೈಯಾರೆ ಐದೇ ಲೀಟರು ಅಳೆದು ಹಾಕಿದ. ಗಾಡಿ ಬಿಟ್ಟವನು ನನ್ನ ಗಂಡ ನಾಗಮಲ್ಲು. ನಲವತ್ತೈದನೇ ಕಿಲೋಮೀಟರಿನ ಆನೆತಿರುವಿನಲ್ಲಿ ಟ್ಯಾಂಕು ಒಣಗಿ ಗಾಡಿ ನಿಂತಿತು. ಆ ತಾಯಿ ಹಿಂದಿನ ಹಲಗೆಯ ಮೇಲೆಯೇ ಹೋಗಿಬಿಟ್ಟಳು. ಮಿಕ್ಕ ಎಣ್ಣೆ ಎಲ್ಲಿ ಎಂದು ಪಂಚಾಯಿತಿ ಸೇರಿತು. ಮಾರಿಕೊಂಡ ಎಂದವರು ಕೆಲವರು, ಕಾಲು ಭಾರ, ಆಕ್ಸಿಲರೇಟರ್ ತುಳಿದು ಎಣ್ಣೆ ಸುಟ್ಟ ಎಂದವರು ಕೆಲವರು. ತಾನು ಕಳ್ಳನಲ್ಲ ಎಂದು ನಾಗಮಲ್ಲುವಿಗೆ ಗೊತ್ತಿತ್ತಲ್ಲ, ಹಾಗಾಗಿ ತನ್ನ ಕಾಲೇ ಭಾರ ಎಂದು ನಂಬಿಬಿಟ್ಟ. ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ, ಗಾಡಿ ಪೇಟೆಯವರೆಗೆ ಹೋಗಿಯೂ ಇಲ್ಲ. ಒಂದೊಂದು ಸಲ ಜಗಲಿಯ ಮೇಲೆ ಕೂತು ಬಲಗಾಲನ್ನೇ ನೋಡಿಕೊಳ್ಳುತ್ತಿರುತ್ತಾನೆ. ನಾನು ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹೇಳಿದರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಊರಿಗೆ ದಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲಾ ತಾತ? ಮೊದಲ ಮಣೆಯೂ ಬೇಕಿತ್ತು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವವರನ್ನು ಕಂಡು ನಾವು ನಗುತ್ತೇವೆ. ನಾನು ಆ ನೇಣನ್ನು ಗಂಡನ ಕೊರಳಿಗೆ ಹಾಕಿದೆ.

ಈಗ ಸರದಿ ನನ್ನ ಮಗಳದು. ಬಸುರಿ ನೀಲವೇಣಿಗೆ ಒಂಬತ್ತು ತಿಂಗಳು ತುಂಬಿದೆ, ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ. ಸೂಲಗಿತ್ತಿ ಮೂರು ಸಲ ತಿರುಗಿಸಲು ನೋಡಿ ಕೈಬಿಟ್ಟಳು, ಈ ವಾರದೊಳಗೆ ಪೇಟೆ ಸೇರಿಸಿ ಎಂದಳು. ಡೋಲಿ ಕಟ್ಟಿ ಹೊತ್ತರೆ ನಾಲ್ಕು ದಿನ, ಅಷ್ಟು ಕುಲುಕಾಟ ಅವಳು ತಡೆಯಲಾರಳು. ಎಣ್ಣೆ ಅರೆದಾಗಲು ಮೂರು ದಿನ ಬೇಕಂತೆ, ರಾಚಪ್ಪ ಆ ಓಟಕ್ಕೆ ಮತ್ತೆ ಐದೇ ಲೀಟರು ಗುರುತು ಮಾಡಿಟ್ಟಿದ್ದಾನೆ. ಐದು ಒಂಬತ್ತಲಿ ನಲವತ್ತೈದು. ಕೂತರೂ ನಿಂತರೂ ಅದೇ ಮಗ್ಗಿ ತಲೆಯಲ್ಲಿ ತಿರುಗುತ್ತದೆ. ಅನ್ನ ಕಲಸಿದರೆ ಆನೆತಿರುವು ಕಾಣುತ್ತದೆ. ಮಗಳು "ಯಾಕವ್ವ ಹಿಂಗ್ ನೋಡ್ತೀಯ?" ಎಂದು ಕೇಳುತ್ತಾಳೆ, ಏನಿಲ್ಲ ಕನವ್ವ ಎನ್ನುತ್ತೇನೆ. ಹೇಳಿದರೆ ಕಾನೂನಿನ ಪ್ರಕಾರ ಗಾಡಿ ಹೊರಡುವುದೇ ಇಲ್ಲವೇನೋ. ಹೇಳದಿದ್ದರೆ ಆನೆತಿರುವಿನಲ್ಲಿ ನಿಲ್ಲುತ್ತದೆ. ಇಲ್ಲಿಗೆ ನಿಲ್ಲಿಸುತ್ತೇನೆ ತಾತ.

ಮೂರು ದಿನ ಕಳೆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಈ ಪತ್ರ ಟೂಲ್ ಬಾಕ್ಸಿಗೆ ಸೇರಲಿಲ್ಲ, ಗಾಡಿ ಇದನ್ನು ಬಿಟ್ಟು ಹೋಗಿದೆ.

ಮೊದಲು ಹೇಳಿದ್ದು ಗಂಡನಿಗೆ. ಬೀಜ ಬಡಿಯುತ್ತ ಕೂತಿದ್ದ. ಪೂರ್ತಿ ಕೇಳಿದ. ಬಯ್ಯುತ್ತಾನೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. "ಹಂಗಾರೆ ನನ್ ಕಾಲಲ್ವಾ ಮುದ್ದಿ?" ಎಂದ. ಅಲ್ಲ ಎಂದೆ. "ಅಲ್ವಾ?" ಎಂದು ಇನ್ನೊಂದು ಸಲ ಕೇಳಿ, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟ. ನಾನು ಅವನ ಕಾಲು ಹಿಡಿದುಕೊಂಡು ಕೂತೆ. ಅವನು ಬಿಡಿಸಿಕೊಳ್ಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಆಮೇಲೆ ಕುಡುಗೋಲು ತಗೊಂಡು ನಿಮ್ಮ ಬಾಗಿಲ ಹತ್ತಿರ ಹೋದೆ. ಹದಿನಾಲ್ಕನ್ನು ಹೆರೆದು ಹಾಕಿದೆ. ಎಂಥ ಬಣ್ಣ ಹಾಕಿಸಿದ್ದಿರಿ ತಾತ, ಸುಳ್ಳಿಗೆ ಇಷ್ಟು ಗಟ್ಟಿ ಬಣ್ಣ ಯಾಕೆ ಬೇಕಿತ್ತು? ಸುಣ್ಣದಲ್ಲಿ ಬೆರಳದ್ದಿ ೯ ಎಂದು ಬರೆದೆ. ಗಾಡಿಯನ್ನು ಎಣ್ಣೆಕಟ್ಟೆಗೆ ತಳ್ಳಿಸಿಕೊಂಡು ಹೋಗಿ ರಾಚಪ್ಪನ ಮುಂದೆ ನಿಲ್ಲಿಸಿ, ಟೀ ಅಂಗಡಿಯಿಂದ ಹಿಡಿದು ನಾನು ಬಾಯಿಗೆ ಹಾಕಿಕೊಂಡ ಬೀಗದವರೆಗೆ ಎಲ್ಲ ಹೇಳಿದೆ. ನಿಂತವರು ಗೊಳ್ಳೆಂದರು, ಒಬ್ಬಳು ಮುಖಕ್ಕೆ ಉಗಿದಳು. ರಾಚಪ್ಪ ಮಾತ್ರ ಬಾಗಿಲನ್ನೇ ನೋಡುತ್ತಿದ್ದ. ಸುಣ್ಣದ ಒಂಬತ್ತನ್ನು ಬೆರಳಿಂದ ಮುಟ್ಟಿ ಕೇಳಿದ: "ಅವತ್ತು ನಾನು ಎಂಟು ಅಳೆದಿದ್ರೆ ನಮ್ಮವಳು ಬದುಕ್ತಿದ್ಲಾ ಮುದ್ದಕ್ಕ?"

ಬದುಕುತ್ತಿದ್ದಳೇನೋ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಆಡದೆ ಹೋದದ್ದನ್ನು ಎಲ್ಲಿಂದ ತರಲಿ?

ಅವನು ಲೀಟರಿನ ಕೊಳಗ ತೆಗೆದುಕೊಂಡ. ಒಂದೊಂದನ್ನೂ ಬಾಯಿಬಿಟ್ಟು ಎಣಿಸುತ್ತ ಎಂಟು ಲೀಟರು ಹಾಕಿದ. ಮೇಲೆ ಇನ್ನೊಂದು ಹಾಕಿ, "ಇದು ನಮ್ಮವಳ ಪಾಲು" ಎಂದ. ಆಮೇಲೆ ಕಾನೂನು ಹೇಳಿದ. ಇದು ಈ ಗಾಡಿಯ ಕಡೆಯ ಓಟ, ತಿರುಗಿ ಬಂದ ದಿನ ಒಡೆಯುತ್ತಾರೆ. ಪಕ್ಕದೂರಿನ ಹನ್ನೆರಡರ ಗಾಡಿಯವರು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ಅವರ ಬಾಗಿಲಂಕಿಯೂ ಯಾವುದೋ ಟೀ ಅಂಗಡಿಯಲ್ಲಿ ಹುಟ್ಟಿದ್ದಿರಬೇಕು.

ಈ ಬೆಳಿಗ್ಗೆ ನಾಗಮಲ್ಲುವೇ ಸ್ಟೇರಿಂಗ್ ಹಿಡಿದ. ಹಿಂದೆ ಹುಲ್ಲು ಹಾಸಿ ನೀಲವೇಣಿಯನ್ನು ಮಲಗಿಸಿ, ಸೂಲಗಿತ್ತಿಯನ್ನು ಕೂರಿಸಿದೆವು. ಭಾರವಾಗುತ್ತದೆಂದು ನಾನು ಹತ್ತಲಿಲ್ಲ. ನಮ್ಮಲ್ಲಿ ಆನೆತಿರುವಿನವರೆಗೆ ದಾರಿಯುದ್ದಕ್ಕೂ ಕೂಗುಬಂಡೆಗಳಿವೆ. ಗಾಡಿ ದಾಟಿದರೆ ಅಲ್ಲಿರುವವರು ಕೊಂಬನ್ನು ಒಂದು ಸಲ ಊದುತ್ತಾರೆ, ನಿಂತುಹೋದರೆ ಎರಡು ಸಲ. ಒಂದು ಬಂಡೆಯವರು ಕೇಳಿ ಮುಂದಿನವರಿಗೆ ಊದುತ್ತ ಊರಿಗೆ ಮುಟ್ಟಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಆನೆತಿರುವಿನಿಂದ ಎರಡು ಬಂದಿತ್ತು. ಇವತ್ತು ನಾನು ಜಗಲಿಯ ಮೇಲೆ ಕೂತಿದ್ದೆ. ಕರೆಯದಿದ್ದರೂ ರಾಚಪ್ಪ ಬಂದು ಕಂಬದ ಆ ಕಡೆ ಕೂತ. ಹೊತ್ತು ನೆತ್ತಿಗೆ ಬರುವಾಗ ಆನೆತಿರುವಿನ ಕೊಂಬು ಕೇಳಿತು. ಒಂದು. ಇಬ್ಬರೂ ಎರಡನೆಯದಕ್ಕೆ ಕಿವಿಗೊಟ್ಟೆವು. ಬರಲಿಲ್ಲ. ರಾಚಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಇನ್ನೂ ಹತ್ತೊಂಬತ್ತು ಕಿಲೋಮೀಟರು ಇದೆ. ಒಂದು ಏರು ಇದೆ. ಆನೆತಿರುವಿನಾಚೆ ಕೂಗುಬಂಡೆಗಳಿಲ್ಲ, ಸುದ್ದಿ ಕಾಲ್ನಡೆಯಲ್ಲೇ ಬರಬೇಕು. ಸುಮ್ಮನೆ ಕೂರಲಾರದೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ನೀವು ತಂದ ಗಾಡಿಯಲ್ಲೇ ನನ್ನ ಮಗಳು ಹೋಗಿದ್ದಾಳೆ. ಹಾಗಾಗಿ ಒಂದೇ ಒಂದು ಕೇಳುತ್ತೇನೆ. ಟೀ ಅಂಗಡಿಯಲ್ಲಿ ಎಷ್ಟು ಬೇಕಾದರೂ ಜಂಬ ಕೊಚ್ಚಿಕೊಳ್ಳಿ, ಕೆಂಡಗಣ್ಣನ ಹತ್ತಿರ ಇಪ್ಪತ್ತು ಅನ್ನಿ, ಮೂವತ್ತು ಅನ್ನಿ, ಟೀ ಆರುವುದರೊಳಗೆ ಆ ಮಾತೂ ಆರಿಹೋಗುತ್ತದೆ. ಮರುದಿನ ಬೆಳಿಗ್ಗೆ ಪೇಂಟರು ಬರುತ್ತಾನೆ. ಹಳದಿ ಬಣ್ಣದಲ್ಲಿ ಕುಂಚ ಅದ್ದಿ, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಷ್ಟು ಬರೀಲಿ ಮಾದಯ್ಯ?" ಎಂದು ಕೇಳುತ್ತಾನೆ.

ಒಂಬತ್ತು ಅನ್ನಿ, ತಾತ.