ಇತರ ಮೂಲಗಳ ಆದಾಯ

ಭಾನುವಾರ, ಜುಲೈ ೬

ಪ್ರೀತಿಯ ಮಗಳೇ,

ಚೆನ್ನಾಗಿತ್ತು ಅಂದೆನಲ್ಲ, ಅದು ಪೂರ್ತಿ ಉತ್ತರವಲ್ಲ. ನಿನ್ನೆ ಫೋನಿನಲ್ಲಿ ನೀನು "ಕ್ಲಾಸ್ ಹೇಗಿತ್ತಪ್ಪಾ?" ಎಂದು ಮತ್ತೆ ಮತ್ತೆ ಕೇಳಿದೆ. ನಾನು ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ನಿನ್ನ ಹಿಂದಿನ ಕಾಗದಕ್ಕೂ ಉತ್ತರ ಬರೆದಿಲ್ಲ, ಎರಡಕ್ಕೂ ಸೇರಿಸಿ ಇದೊಂದು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಆಸ್ಪತ್ರೆಯ ತರಬೇತಿ ಹೇಗೆ ನಡೆದಿದೆ? ನಿಂತು ನಿಂತು ಕಾಲು ನೋಯುತ್ತದೆ ಅಂದಿದ್ದೆ, ಈಗ ವಾಸಿಯೇ? ನಾನು ಆರಾಮ. ಬಚ್ಚಲಿನ ನಲ್ಲಿ ಸೋರುತ್ತಿದೆ, ಅಷ್ಟೇ.

ಗ್ರಂಥಾಲಯದ ಮಹಡಿಯಲ್ಲಿ ಶನಿವಾರದ ನನ್ನ ಪಾಠ ನಿನಗೆ ಗೊತ್ತೇ ಇದೆ. ಹೊಸದಾಗಿ ಸಂಬಳ ಕಂಡ ಹುಡುಗ ಹುಡುಗಿಯರಿಗೆ ಆದಾಯ ತೆರಿಗೆಯ ರಿಟರ್ನ್ ತುಂಬುವುದನ್ನು ಹೇಳಿಕೊಡುತ್ತೇನೆ. ಈ ಸಲ ಬೇಕರಿಯ ಹುಡುಗಿ, ಪಾರ್ಸೆಲ್ ಹಂಚುವ ಒಬ್ಬ ಉದ್ದನೆಯವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಇನ್ನೂ ಕೆಲವರು ಬರುತ್ತಾರೆ. ಗಾಜಿನವನಿಗೆ ಬೇಕರಿಯವಳು ಗಾಜಪ್ಪ ಎಂದು ಹೆಸರಿಟ್ಟಿದ್ದಾಳೆ. ಅವನು ಸಿಟ್ಟಾಗುವುದಿಲ್ಲ, ಕರೆದರೆ ಓಗೊಡುತ್ತಾನೆ.

ಸಂಬಳದ ಚೀಟಿಯಲ್ಲಿರುವ ಮೊತ್ತ ಬೇರೆ, ಕೈಗೆ ಬರುವುದು ಬೇರೆ, ಬರೆಯಬೇಕಾದ್ದು ಚೀಟಿಯದು. ನಡುವೆ ಮುರಿದುಕೊಂಡ ತೆರಿಗೆ ಎಲ್ಲೂ ಓಡಿಹೋಗಿಲ್ಲ, ನಿಮ್ಮ ಹೆಸರಿನಲ್ಲೇ ಜಮಾ ಆಗಿದೆ, ಹೆಚ್ಚಾಗಿದ್ದರೆ ವಾಪಸು ಬರುತ್ತದೆ. ಇದಿಷ್ಟು ಹೇಳಲು ಒಂದು ಸಂಜೆ ಹಿಡಿಯಿತು, ಯಾಕೆಂದರೆ ನಡುವೆ ನಿನ್ನಮ್ಮನ ಮಾತು ಬಂತು. ಬರುತ್ತದೆ, ಏನು ಮಾಡಲಿ.

ಬೇಕರಿಯವಳು ಕೇಳಿದಳು, "ಬ್ಯಾಂಕಿನವರು ಕೊಟ್ಟ ಬಡ್ಡಿ ಚೂರುಪಾರು ಸಾರ್, ಅದನ್ನೂ ಬರೀಬೇಕಾ?"

"ಬರೀಬೇಕಮ್ಮ. ನಿಮ್ಮಂಗಡೀಲಿ ಸಣ್ಣ ಬನ್ನು ಅಂತ ಯಾರಿಗಾದ್ರೂ ಪುಕ್ಕಟೆ ಕೊಡ್ತೀಯಾ?"

"ನಿಮಗೆ ಕೊಡ್ತೀನಿ ಸಾರ್, ಬಡ್ಡಿ ಬಿಟ್ಟುಬಿಡಿ" ಅಂದಳು. ಅವಳ ಬಾಯಿ ನಿನ್ನದರ ಹಾಗೇ.

ಕೊನೆಗೆ ಸಹಿಯ ಮೇಲಿನ ಸಾಲು. ಕಾಲೇಜಿನ ಇಂಗ್ಲಿಷಿನಲ್ಲಿ ನನ್ನ ಹತ್ತಿರ ಈಗ ಉಳಿದಿರುವುದು ಒಂದರ್ಧ ಪದ್ಯ ಮತ್ತು ಇಂಥ ಸಾಲುಗಳು. ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್ ಅಂಡ್ ಬಿಲೀಫ್. ನನಗೆ ತಿಳಿದ ಮಟ್ಟಿಗೆ, ನಾನು ನಂಬಿದ ಮಟ್ಟಿಗೆ ಇದೆಲ್ಲ ನಿಜ. ಎಲ್ಲರ ಬಾಯಲ್ಲೂ ಹೇಳಿಸಿದೆ. ಗಾಜಪ್ಪ ಮಾತ್ರ ತುಟಿ ಅಲ್ಲಾಡಿಸಲಿಲ್ಲ.

ಅದು ಹೋದ ವಾರ. ಅವನ ಹಾಳೆ ನೋಡಿದೆ. ಸಂಬಳ ಸರಿಯಾಗಿ ಬರೆದಿದ್ದ. ಅದರ ಕೆಳಗೆ, ಇತರ ಮೂಲಗಳು ಅನ್ನುವಲ್ಲಿ, ಸಂಬಳದಷ್ಟೇ ಇನ್ನೊಂದು ಮೊತ್ತ.

"ಇದೆಲ್ಲಿಂದ ಬಂತಯ್ಯ?"

"ಹಾಗೇ ಸಾರ್. ಇರಲಿ ಅಂತ."

ಉದ್ದನೆಯವನು ಬೆಂಚಿನ ಮೇಲೆ ಬಿದ್ದು ನಕ್ಕ. "ಊರೆಲ್ಲ ಇದ್ದದ್ದನ್ನ ಮುಚ್ಚಿಡೋಕೆ ಒದ್ದಾಡ್ತಿದ್ರೆ, ಇವನು ಇಲ್ಲದ್ದನ್ನ ಬಿಚ್ಚಿಡ್ತಾನಲ್ಲ ಸಾರ್."

ಎಲ್ಲರೂ ಇಳಿದು ಹೋದ ಮೇಲೆ ಅವನನ್ನು ಕೂರಿಸಿಕೊಂಡೆ. ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟುವ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಅವನು ಕೈ ಸುಮ್ಮನಿರದೆ ನನ್ನ ಕನ್ನಡಕ ಕೇಳಿ ತೆಗೆದುಕೊಂಡ, ಸಡಿಲವಾಗಿದ್ದ ಕಡ್ಡಿಯನ್ನು ಬಿಗಿ ಮಾಡುತ್ತಾ ಬಾಯಿಬಿಟ್ಟ. ಒಬ್ಬಳನ್ನು ಮದುವೆಯಾಗಬೇಕಂತೆ. ಹುಡುಗಿ ಒಪ್ಪಿದ್ದಾಳೆ. ಅವಳಪ್ಪ ಲೆಕ್ಕದ ಮನುಷ್ಯ, ಲೆಕ್ಕ ನೋಡದೆ ಬಸ್ಸನ್ನೂ ಹತ್ತುವುದಿಲ್ಲ ಎಂದು ಅವಳೇ ಹೇಳಿದ್ದಾಳೆ. ಹಾಗಾಗಿ ರಿಟರ್ನಿನಲ್ಲಿ ಆದಾಯ ದೊಡ್ಡದಾಗಿ ಕಾಣಲಿ ಎಂದು ಇವನ ಉಪಾಯ.

ನನಗೆ ರೇಗಿತು. "ಅವನೆಂಥ ಅಪ್ಪನಯ್ಯ? ಹೆಣ್ಣು ಕೊಡ್ತಾನೋ, ಸಾಲ ಕೊಡ್ತಾನೋ? ನೀನು ನಿಜ ಬರಿ. ಆ ಮುದುಕನಿಗೆ ನಾನೇ ನಾಲ್ಕು ಮಾತು ಹೇಳ್ತೀನಿ, ವಿಳಾಸ ತಾ."

ಅವನು ಕನ್ನಡಕವನ್ನು ಒರೆಸಿ ಒರೆಸಿ ಕೊಟ್ಟ. ವಿಳಾಸ ಕೊಡಲಿಲ್ಲ.

ನಿನ್ನೆ ಹೊಸ ಹಾಳೆ ತಂದ. ಸಂಬಳ, ಸಂಬಳದಷ್ಟೇ. ಕೆಳಗೆ ನೆಟ್ಟಗೆ ಸಹಿ. "ಸಾರ್, ವಿಳಾಸ ಕೇಳಿದ್ರಲ್ಲ" ಎಂದು ನೆಲ ನೋಡಿಕೊಂಡು ಹೇಳಿದ. ಅಂಚೆ ಕಚೇರಿಯ ಹಿಂದಿನ ಬೀದಿ, ಹಸಿರು ಬಾಗಿಲು, ಮೆಟ್ಟಿಲ ಕೆಳಗೆ ಮುರಿದ ಸೈಕಲ್. ನಿನ್ನಪ್ಪನ ಬುದ್ಧಿ ನೋಡು, ನಮ್ಮ ಬೀದಿಯಲ್ಲಿ ಅಂಥ ಒಣ ಮನುಷ್ಯ ಯಾರಿರಬಹುದು ಎಂದು ಯೋಚಿಸುತ್ತಾ ಕೂತೆ. ನಮ್ಮ ಮೆಟ್ಟಿಲ ಕೆಳಗಿನ ಸೈಕಲ್ ನೆನಪಾದಾಗ ತಲೆಯೊಳಗೆ ಗಂಟೆ ಹೊಡೆಯಿತು. ಬಾಗಿಲ ಹತ್ತಿರ ಬೇಕರಿಯವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಿಂತಿದ್ದಳು. ಅವಳಿಗೆ ಮೊದಲಿನಿಂದ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಕೆಂಪು ಪೆನ್ಸಿಲ್ ತೆಗೆದುಕೊಂಡು ಹಾಳೆ ತಿದ್ದಿದೆ. "ಬ್ಯಾಂಕಿನ ಬಡ್ಡಿ ಬರೆಯೋದು ಮರೆತಿದ್ದೀಯ" ಅಂದೆ. ಆಮೇಲೆ, "ಇದು ಮೇಷ್ಟ್ರಾಗಿ ಹೇಳಿದ್ದು. ಮಾವನಾಗಿ ಏನು ಹೇಳ್ಬೇಕು ಅಂತ ಮಗಳನ್ನ ಕೇಳಿ ಹೇಳ್ತೀನಿ" ಅಂದೆ. ಮಾವ ಎಂಬ ಮಾತು ಬಾಯಿಂದ ಬಿದ್ದೇಹೋಯಿತು. ಅವನು ಕುರ್ಚಿಗೆ ಎಡವಿಕೊಂಡು ಹೋದ.

ಒಳ್ಳೆಯ ಹುಡುಗ. ಎರಡನೇ ಹಾಳೆ ತರಲು ಮೊದಲನೆಯದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು. ನನಗೇನೂ ಅಡ್ಡಿಯಿಲ್ಲ ಎಂದು ಬರೆಯುತ್ತಿದ್ದೇನೆ, ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್ ಅಂಡ್ ಬಿಲೀಫ್. ರಜೆ ಸಿಕ್ಕಿದ ಕೂಡಲೇ ಬಾ. ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ಚೆನ್ನಾಗಿರಿ, ನಗುನಗುತ್ತಾ ಬಾಳಿ.

ನಿನ್ನ,
ಅಪ್ಪ

ತಾ.ಕ.: ನೀನೂ ನಿನ್ನಮ್ಮನೂ ಅಡುಗೆಮನೆಯಲ್ಲಿ ಪಿಸುಗುಟ್ಟಿ ನಗುತ್ತಿದ್ದಿರಿ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ನಾನು ನೀರು ಕುಡಿದು ಹೊರಗೆ ಹೋಗುತ್ತಿದ್ದೆ. ಅವಳು ಹೋದ ಮೇಲೆ ಆ ಮಾತುಗಳು ಇನ್ನು ನನ್ನ ಪಾಲಿಗೆ ಬರುತ್ತವೆ ಅಂದುಕೊಂಡಿದ್ದೆ. ಫೋನು ಬಂದಾಗಲೆಲ್ಲ ಕಾದೆ. ನೀನು ಸೆಕೆ, ಊಟ, ಬಸ್ಸಿನ ರಶ್ಶು ಹೇಳಿ ಇಡುತ್ತಿದ್ದೆ. ಇಷ್ಟು ದೊಡ್ಡ ಸುದ್ದಿ ಕನ್ನಡಕದ ಅಂಗಡಿಯನ್ನು ಸುತ್ತಿಕೊಂಡು ನನ್ನ ಹತ್ತಿರ ಬರಬೇಕಾಯಿತು. ಅವನು ಹೆದರಿದ್ದು ಸರಿ, ಅವನು ಹೊರಗಿನವನು. ನೀನು ಯಾಕೆ ಹೆದರಿದೆ ಮಗಳೇ? ನನ್ನ ಮುಂದೆ ನೀನು ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ದೀಪ ಹಾಕಿದರೆ ಇದನ್ನು ಮತ್ತೊಮ್ಮೆ ಓದಿ ಹೊಡೆದುಹಾಕಿಬಿಡುತ್ತೇನೆ. ಹೀಗೇ ಮಡಚುತ್ತೇನೆ.