ಮೂರನೇ ಏಟು

ಆಗಸ್ಟ್ 10, 2009. ಸಂಜೆ

ಸಾದಿಕ ಇವತ್ತೂ ಸೋತ. ನನ್ನ ಝೆರಾಕ್ಸ್ ಅಂಗಡಿಯ ಹಿಂಬದಿ, ಹಳೆಯ ಟಿವಿ, ಪ್ಲೇಸ್ಟೇಷನ್ — ಗಂಗಾವತಿಯ ಏಕೈಕ ಕಾಂಬೋಶಾಸ್ತ್ರ ವಿದ್ಯಾಪೀಠ. ನಾನು ಕುಲಪತಿ. ಬಾಡಿಗೆ ಕ್ರೂಸರ್ ಜೀಪಿನ ಡ್ರೈವರ್ ಸಾದಿಕ ಸಮಸ್ತ ವಿದ್ಯಾರ್ಥಿವೃಂದ. ನಾನು ವಾರಪತ್ರಿಕೆಗೆ ಬರೆಯುವ ನಗೆ ಅಂಕಣಕ್ಕೆ ಈ ಸಲ ಇದೇ ವಿಷಯ: ಏಟಿಗೆ ಏಟು ಪೋಣಿಸುವ ಈ ಕಾಂಬೋದಲ್ಲಿ ಯಾವ ಆಟದ ಪದ್ಧತಿ ಮೇಲು?

ಮುಷ್ಟಿಯಾಟ — ಶಾಲೆಯ ಮಾಸ್ತರ. ಚೌಕ, ಚೌಕ, ತ್ರಿಕೋನ. ರಿಮೋಟಿನ ಬಟನ್ ಮೂರೂ ಸಲ ತಕ್ಕ ಕ್ಷಣಕ್ಕೇ ಬೀಳಬೇಕು. ರೆಪ್ಪೆ ಬಡಿಯುವಷ್ಟು ತಡವಾದರೂ ಕಾಂಬೋ ಹರಿಯಿತು, ಮುಖಕ್ಕೆ ಗುದ್ದು.

ಖಡ್ಗದಾಟ — ಮದುವೆ ಮನೆಯಲ್ಲಿ ಬಡಿಸುವವ. ಒಂದೇ ಬಟನ್ ಒತ್ತುತ್ತಿದ್ದರೆ ಸಾಕು. ಬೇಗವೋ ತಡವೋ, ಏಟಿನ ಮೇಲೆ ಏಟು ತಾನೇ ಬಡಿಸುತ್ತ ಹೋಗುತ್ತಾನೆ. ಎಲೆಗೆ ಕೈ ಅಡ್ಡ ಹಿಡಿದರೂ ಬಿಡ.

"ರಿಮೋಟ ಕೆಟ್ಟೈತಲೇ ಗಾಳ್ಯಾ," ಅಂದ ಸಾದಿಕ. ಹೊಸದು ತರಿಸಬೇಕು.

ಆಗಸ್ಟ್ 13

ಹೊಸ ರಿಮೋಟಿನಲ್ಲೂ ಅದೇ. ಚೌಕ, ಚೌಕ... ತ್ರಿಕೋನ ತಡ. ಪ್ರತಿ ಸಲ ಅಲ್ಲೇ. ಬಲ ಹೆಬ್ಬೆರಳು ಮೇಲಕ್ಕೆ ಸರಿಯಬೇಕಾದಲ್ಲಿ ತೂಕಡಿಸುತ್ತದೆ. ಹೋದ ವರ್ಷ ಇದೇ ಹೆಬ್ಬೆರಳು ಸೋಲಿಸಿ ಸೋಲಿಸಿ ನನ್ನನ್ನು ಅಳಿಸಿತ್ತು.

"ಮುಪ್ಪಾತೇನಪಾ ಸಾದಿಕ್ಯಾ?"

"ನಿನ್ನ ಮಾಸ್ತರನ ಸಾಲಿ ಬಿಟ್ಟೆ. ಇನ್ನ ಊಟದ ಪಂಕ್ತಿನ ಛಲೋ."

ಖಡ್ಗದಾಟ ಹಾಕಿದ. ಗೆದ್ದ. ಕುಲಪತಿಗಳ ಷರಾ: ಎರಡನೆಯ ಪದ್ಧತಿಯೇ ಜನಪರ.

ಆಗಸ್ಟ್ 26. ಸಂಜೆ 6

ನಿಶಾತ ಗಂಡ ಸಾದಿಕನನ್ನು ಕರೆಯಲು ಬಂದಳು. ರಂಜಾನ್ ಉಪವಾಸದ ರೋಜಾ ಬಿಡುವ ಹೊತ್ತು. ಬಾಗಿಲಲ್ಲೇ ನಿಂತಳು.

"ಗಾಳೇಶಣ್ಣ, ಇವರ ಕೈಗೆ ಏನಾಗೇತಿ ನೀವರ ಕೇಳ್ರಿ. ಖರ್ಜೂರ ಸುದ್ದಾ ಬೆರಳಾಗ ನಿಂದ್ರವಲ್ದು. ಅಂಗಿ ಗುಂಡಿ ನಾನ ಹಾಕಬೇಕು."

"ನನ್ನ ಕೈ ಸುದ್ದಿ ಕೇಳಬ್ಯಾಡ, ಟಿವಿ ನೋಡು!" ಪರದೆಯ ಮೇಲೆ ಖಡ್ಗದಾಟದ ಏಟಿನ ಲೆಕ್ಕ ಏರುತ್ತಲೇ ಇತ್ತು. "ಕೈ ಸತ್ತಾಂವ ಹಿಂಗ ಹೊಡೀತಾನೇನು?"

ಅವಳು ಪರದೆ ನೋಡಿದಳು. ಆಮೇಲೆ ನನ್ನನ್ನು. ಹೊಡೆಯುತ್ತಿದ್ದದ್ದು ಯಂತ್ರ, ಅವನ ಕೈಯಲ್ಲ — ನನಗೆ ಗೊತ್ತಾಗಿತ್ತು. ವಾರವಾರ ಒಂದು ಪುಟ ತುಂಬುವ ಬಾಯಿ. ನಕ್ಕು ಮಾತು ತೇಲಿಸಿತು.

ಸೆಪ್ಟೆಂಬರ್ 2

ಸಾದಿಕನನ್ನು ಕೇಳಿಯೇಬಿಟ್ಟೆ. ಬೇಸಿಗೆಯಿಂದಲೂ ಬಲಗೈ ಹಿಡಿತ ಹೋಗುತ್ತಿದೆಯಂತೆ. ಎಡಗೈ ಗೇರ್ ಹಾಕಲು ಹೋದಾಗ ಸ್ಟೇರಿಂಗ್ ಮೇಲೆ ಉಳಿಯುವುದು ಅದೊಂದೇ.

"ನಾಳೇನ ಹುಬ್ಬಳ್ಳಿ ದವಾಖಾನಿಗೆ ಹೋಗೂಣು."

"ಶುಕ್ರವಾರ ಹುಣ್ಣಿಮಿ, ಹುಲಿಗಿ ದೇವಿ ಗುಡಿಗೆ ಗಾಡಿ ತುಂಬೇತಿ. ಈಗ ಇಳದ್ನಿ ಅಂದ್ರ ಮಾಲಕ ಮತ್ತ ಹತ್ತಿಸ್ತಾನೇನು? ನಿಮ್ಮವ್ವನೂ ಸೀಟ ಹಿಡದಾಳ."

ಅವ್ವ! ನನಗೆ ಹೇಳಿರಲಿಲ್ಲ.

ಚಾ ಯಾರು ತರಬೇಕು ಎಂಬಲ್ಲಿಂದ ಹಿಡಿದು, ನಮ್ಮ ತಕರಾರುಗಳೆಲ್ಲ ತೀರುವುದು ಪರದೆಯ ಮುಂದೆ. ಇದನ್ನೂ ಅಲ್ಲಿಗೇ ಒಯ್ದೆ. ಮುಷ್ಟಿಯಾಟ. ಮೂರೇಟಿನ ಕಾಂಬೋ ಒಮ್ಮೆ ಬಿದ್ದರೆ ಕೈಯ ವಿಷಯ ನಾನು ಯಾರಿಗೂ ಹೇಳುವುದಿಲ್ಲ. ಬೀಳದಿದ್ದರೆ ಗಾಡಿಯ ಚಾವಿ ನನಗೆ.

ಬೀಳಲಿಲ್ಲ. ಮತ್ತೆ ಬೀಳಲಿಲ್ಲ. ಅವನ ಹಣೆಯಲ್ಲಿ ಬೆವರು. ಕೊನೆಗೆ ರಿಮೋಟನ್ನು ನೆಲಕ್ಕಿಟ್ಟು ಎಡಗೈಯ ಎರಡು ಬೆರಳಿಂದ ಬಡಿದ. ಚೌಕ, ಚೌಕ, ತ್ರಿಕೋನ. ಬಿತ್ತು!

"ಯಾವ ಕೈಲೆ ಅಂತ ನೀ ಹೇಳಿದ್ದಿಲ್ಲಲೇ!"

ಕುಲಪತಿಗಳು ಘನತೆಯಿಂದ ಸೋಲೊಪ್ಪಿದರು. ಮಾತೆಂದರೆ ಮಾತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಸೆಪ್ಟೆಂಬರ್ 4. ಬೆಳಿಗ್ಗೆ 6

ಅವ್ವನಿಗೆ ಹೋಗಬೇಡ ಎಂದೆ.

"ಯಾಕ? ನಿನ್ನ ಗೆಳ್ಯಾನ ಗಾಡಿ ಐತಿ. ಬ್ಯಾರೇದಾಂವಕಿಂತ ಛಲೋ ಅಲ್ಲೇನು?"

ಕಾರಣ ನಾಲಿಗೆಯ ತುದಿವರೆಗೆ ಬಂತು. ಕೊಟ್ಟ ಮಾತು ನೆನೆದು ಅವಳ ಚೀಲ ಎತ್ತಿಕೊಟ್ಟೆ. ಹೊರಗೆ ಹಾರ್ನ್. ಹೋದರು.

ಅದೇ ದಿನ. ಸಂಜೆ 5

ಅವ್ವ ಬಂದಳು! ಬೇರೆ ಟೆಂಪೋದಲ್ಲಿ. ಹಣೆ ತುಂಬ ಗುಡಿಯ ಅರಿಶಿನ ಭಂಡಾರ.

"ಸಾದಿಕ ಎಲ್ಲಿ?"

"ಅರ್ಧ ದಾರ್ಯಾಗ ಗಾಡಿ ನಿಂದ್ರಿಸಿ ಎಲ್ಲಾರ್ನೂ ಇಳಿಸಿದ್ನಪಾ. 'ಕೈ ಹಿಡೀವಲ್ದು ಯವ್ವಾ, ಬ್ಯಾರೆ ಗಾಡಿ ಹತ್ರಿ' ಅಂದ. ಕಣ್ಣಾಗ ನೀರು. ಖಾಲಿ ಗಾಡಿ ಹೊಳ್ಳಿಸಿಕೊಂಡು ಕಾಲುವಿ ರಸ್ತೆಕ್ಕ ಹ್ವಾದ. ಮುಂಜಾನೇನ ಬಂದಿರಬೇಕಲ್ಲ?"

ಬಂದಿಲ್ಲ. ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಬೈಕ್ ತರಲು ನಿಶಾತಳ ಅಣ್ಣ ಹೋಗಿದ್ದಾನೆ. ಅವನು ಬರುವವರೆಗೆ ಕುಳಿತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ. ನಿಶಾತ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಳೆ. ಅವ್ವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಗಾಳೇಶಣ್ಣ, ನಿಮಗ ಗೊತ್ತಿತ್ತೇನ್ರಿ?"

ಬೈಕಿನ ಸದ್ದು. ದಾರಿಯಲ್ಲಿ ಹೇಳುತ್ತೇನೆ ಎಂದೆ. ಇಲ್ಲ, ಕೈಯ ವಿಷಯ, ಪಂದ್ಯದ ಮಾತು ಎಲ್ಲ ಈಗಲೇ ಹೇಳಬೇಕು. ಕಾಲುವೆ ತುಂಬಿ ಹರಿಯುತ್ತಿದೆ, ಅದನ್ನು ನೋಡುವುದಕ್ಕೆ ಮೊದಲೇ ಅವಳಿಗೆ —