ಬೆಲ್ಟಿಗೆ ಹೊಸ ತೂತು

ನಾನು ಕಾಣದ ನನ್ನ ಅತ್ತೆ ಗಿರಿಜಾಬಾಯಿಯವರಿಗೆ,

ನಿಮ್ಮ ಸೊಸೆ ವಿಶಾಖಾಳ ಜೈಭೀಮ.

ಮೊದಲು ಸಂತೋಷದ ಸುದ್ದಿ. ನಿಮ್ಮ ಮಗನೆಂದರೆ ನನಗೆ ಹುಚ್ಚು! ಮದುವೆಯಾಗಿ ವರ್ಷ ತುಂಬುತ್ತಾ ಬಂದರೂ, ನೌಬಾದಿನ ನಮ್ಮ ಓಣಿಯಲ್ಲಿ ಅವರ ಬೈಕಿನ ಸದ್ದು ಕೇಳಿದರೆ ಈಗಲೂ ಕನ್ನಡಿಯ ಮುಂದೆ ಓಡುತ್ತೇನೆ. ಕಾನ್ವೆಂಟಿನಲ್ಲಿ ಕಲಿತವಳು ನಾನು, ಪ್ರೀತಿಯ ಮಾತೆಲ್ಲ ಇಂಗ್ಲಿಷಿನಲ್ಲೇ ಬರುತ್ತದೆ. ನಿಮಗೆ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಜಗಳದ ಪತ್ರ.

ಬುದ್ಧನ ಪಟದ ಪಕ್ಕದಲ್ಲಿ ನಿಮ್ಮ ಫೋಟೋ ಇದೆ. ಹಳದಿ ಸೀರೆ, ತೆಳ್ಳಗಿನ ಮೈ, ಬಾಯ್ತುಂಬ ನಗು. ನಿಮ್ಮ ಮಗ ಸುಶೀಲಕುಮಾರರದೂ ಅದೇ ನಗು. ಮನೆ ತುಂಬಿದ ದಿನವೇ ನಾನು, "ಅತ್ತಿ ಎಷ್ಟ್ ಸ್ಮಾರ್ಟ್ ಇದ್ರಲ್ರಿ!" ಅಂದಿದ್ದೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಿಮ್ಮ ಮಗ ತೆಳ್ಳಗಿರಲಿಲ್ಲ. ಅವರ ಹೊಟ್ಟೆ ನನ್ನ ದಿಂಬು. ಅವರು ನಕ್ಕರೆ ನನ್ನ ತಲೆ ಕುಣಿಯುತ್ತಿತ್ತು, ಅದಕ್ಕೇ ಬೇಕೆಂದು ನಗಿಸುತ್ತಿದ್ದೆ. ಆ ಹೊಟ್ಟೆಯನ್ನು ಕಟ್ಟಿದವರು ಯಾರೆಂದು ತಿಳಿದದ್ದು ಹೊಸ ಜೋಡಿಯನ್ನು ಊಟಕ್ಕೆ ಕರೆದ ಮನೆಗಳಲ್ಲಿ. ಭಾತಂಬ್ರಾದಲ್ಲಿ ನಿಮ್ಮ ತಂಗಿ ಮಹಾಮಾಯಾ ಮೌಸಿ, ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದು ಅಂದರು: "ತಿನ್ನೋ ಸುಶ್ಯಾ. ನಿನ್ನವ್ವ ಎಲುಬಾಗಿ ಹೋದ್ಳು. ನೀ ಹಂಗ ಆಗಬ್ಯಾಡ ಮಗಾ."

ಮಗ ಇನ್ನೂ ಸಣ್ಣ ಹುಡುಗನಾಗಿದ್ದಾಗ ನೀವು ಸೊರಗಿ ಹೋದಿರಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ನಿಮ್ಮನ್ನು ತಿಂದಿತ್ತು. ಆದರೆ ಬಳಗವೆಲ್ಲ ಕಂಡದ್ದು ನಿಮ್ಮ ಎಲುಬನ್ನು ಮಾತ್ರ. ತೆಳ್ಳಗಾದದ್ದರಿಂದಲೇ ಸತ್ತಳು ಎಂದುಕೊಂಡು, ತಾಯಿಯಿಲ್ಲದ ಮಗುವಿಗೆ ಮನೆಮನೆಯಲ್ಲೂ ತುತ್ತಿಟ್ಟರು. ಬೇಡವೆಂದರೆ ಅಳುತ್ತಿದ್ದರಂತೆ. ಅವರು ಅಳಬಾರದೆಂದು ಇವರು ತಿಂದರು.

ಊಟಗಳ ನಡುವೆ ಹೊಟ್ಟೆನೋವು ಬಂತು. ಬೀದರಿನಲ್ಲಿ ಸ್ಕ್ಯಾನ್ ಆಯಿತು. ಅದೇ ಮೇದೋಜೀರಕ ಗ್ರಂಥಿಯೊಳಗೆಲ್ಲ ಕೊಬ್ಬು ಸೇರಿದೆ, ಜೊತೆಗೊಂದು ಸಣ್ಣ ನೀರುಗುಳ್ಳೆಯಿದೆ ಎಂದರು ಡಾಕ್ಟರು. "ಇದು ಕ್ಯಾನ್ಸರ್ ಅಲ್ರಿ. ಆದ್ರ ಇಂಥಾ ಕೊಬ್ಬಿದ್ದಲ್ಲಿ ಕ್ಯಾನ್ಸರಿನ ಮುಂಚಿನ ಬೆಳವಣಿಗಿ ಜಾಸ್ತಿ ಕಾಣ್ತಾವ. ತಾಯಿಗೂ ಇತ್ತಂತೀರಿ. ತೂಕ ಇಳಸ್ರಿ, ಆರು ತಿಂಗಳಿಗೆ ಮತ್ತ ನೋಡೋಣ."

ಅಂದಿನಿಂದ ನಾನು ಕೆಟ್ಟವಳಾದೆ. ಡಾಬಕಾದಲ್ಲಿ, ನಿಮ್ಮ ತಮ್ಮ ಕೈಲಾಶ ಮಾಮಾನ ಮನೆಯಲ್ಲಿ, ಎಲ್ಲರೆದುರು ಇವರ ಕೈಯಿಂದ ಹೋಳಿಗೆ ಕಸಿದು ಬಾಗಿಲ ಬಳಿಯ ನಾಯಿಗೆ ಎಸೆದೆ. ಮೌಸಿ ಎದೆ ಬಡಿದುಕೊಂಡರು. "ನಾಯಿಗಿ ಹಾಕ್ತಾಳ, ಗಂಡಗ ಹಾಕಂಗಿಲ್ಲ! ಭಾಳ ಓದಿದಾಕಿನ್ನ ತಂದೀವಿ ನೋಡ್ರೆವಾ!" ಇವರು ಒಂದೇ ಸಮನೆ ಬೈಕ್ ಓಡಿಸಿ ಔರಾದ್ ದಾಟಿದರು. ಆಮೇಲೆ, "ನನ್ನ ಮರ್ಯಾದಿ ತೆಗದಿ, ವಿಶಾ" ಅಂದರು. ನಾನು ಬೆನ್ನಿಗೆ ಕೆನ್ನೆಯೊತ್ತಿ ಹೇಳಿದೆ: "ಮರ್ಯಾದಿ ಹೋದ್ರ ಹೋಗ್ಲಿ. ನೀವ್ ಇರ್ರಿ."

ಆಮೇಲೆ ಬೆಳಿಗ್ಗೆ ಬೀದರಿನ ಕೋಟೆಯವರೆಗೆ ನಡಿಗೆ, ರಾತ್ರಿ ಒಂದೇ ರೊಟ್ಟಿ. ಪ್ಯಾಂಟು ಸಡಿಲಾದಾಗಲೆಲ್ಲ ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಹಾಕುವುದು ನನ್ನ ಹಬ್ಬ. ಪ್ರತಿ ತೂತಿಗೂ ಒಂದು ಮುತ್ತು! ಬಳಗ ಮಾತ್ರ ಬೆಚ್ಚಿತು. "ಸುಶ್ಯಾಗ ಅವ್ವಂದೇ ಸೊರಗಿದ ಮಾರಿ ಬಂತವಾ," ಎಂದು ಮೌಸಿ ಫೋನಿನಲ್ಲಿ ಅತ್ತರೆ, ನಾನು ಈಚೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅವರಿಗೆ ಎಲುಬಿನ ಭಯ, ನನಗೆ ಕೊಬ್ಬಿನ ಭಯ. ನಾನೇ ಜಾಣೆ ಅಂದುಕೊಂಡಿದ್ದೆ.

ಹೋದ ತಿಂಗಳು ಇವರ ಕಾಲು ಉಳುಕಿತು, ನಡಿಗೆ ನಿಂತಿತು. ಅದೇ ಹೊತ್ತಿಗೆ ನನ್ನಮ್ಮನಿಗೆ ಜ್ವರವೆಂದು ನಾನು ತವರೂರು ಭಾಲ್ಕಿಗೆ ಹೋಗಿ ಉಳಿಯಬೇಕಾಯಿತು. ನೋಡಿಕೊಳ್ಳಲು ಮೌಸಿ ಬಂದರು, ತುಪ್ಪದ ಡಬ್ಬಿಯ ಸಮೇತ. ನಾನು ತಿರುಗಿ ಬಂದಾಗ ಇವರು ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಾಗಿಲು ತೆಗೆದರು. ಚಪ್ಪಾಳೆ ತಟ್ಟಿ ಕುಣಿದೆ, ಓಡಿ ಮೊಳೆ ಕಾಯಿಸಿದೆ. ಹಾಗೇ ಕೇಳಿದೆ: "ನಾ ಇಲ್ದಾಗ ಏನೇನ್ ತಿಂದ್ರಿ? ಖರೆ ಹೇಳ್ರಿ."

"ಎಲ್ಲಾ ತಿಂದೀನಿ," ಅಂದರು, ಕಳ್ಳನಂತೆ ನಗುತ್ತ.

ನಡಿಗೆಯಿಲ್ಲ, ಪಥ್ಯವಿಲ್ಲ, ಆದರೂ ಪ್ಯಾಂಟು ಸಡಿಲ. ಇಕ್ಕಳದ ತುದಿಯಲ್ಲಿ ಮೊಳೆ ಕೆಂಪಗಿತ್ತು. ತಣ್ಣಗಾಗುವವರೆಗೂ ಹಿಡಿದೇ ನಿಂತಿದ್ದೆ.

ಮಾರನೆಯ ದಿನ ಇವರನ್ನು ನೋಡಲು ಬಂದ ಕೈಲಾಶ ಮಾಮಾ ನಿಮ್ಮ ಫೋಟೋದ ಮುಂದೆ ನಿಂತರು. "ಇದು ನನ್ನ ಮದಿವ್ಯಾಗ ತೆಗದದ್ದು. ಅಕ್ಕ ತೆಳ್ಳಗಾಗಿದ್ಳು. ಹುಡುಗಿ ಹಂಗ ಕಾಣ್ತಿ ಅಂತ ಎಲ್ಲಾರೂ ಅಂದ್ರು. ಏನ್ ಖುಷಿ ಅಕಿಗಿ! ತಾನ ಕೇಳಿ ಫೋಟೋ ತೆಗಸ್ಕೊಂಡ್ಳು. ಮುಂದಿನ ಜ್ವಾಳದ ರಾಶಿಗಿ ಅಕಿ ಇರಲಿಲ್ಲ."

ಅತ್ತೆ, ಮೊದಲ ದಿನ ನಾನು ಹೊಗಳಿದ್ದು ನಿಮ್ಮ ಕಾಯಿಲೆಯನ್ನು. ನೀವಾದರೂ ಹೇಳಬಾರದಿತ್ತೇ? ಗೋಡೆಯ ಮೇಲಿಂದ ಎಲ್ಲ ನೋಡಿದಿರಿ. ನಾನು ತೂತು ಹಾಕಿದ್ದು, ಮುತ್ತಿಟ್ಟದ್ದು, ಕುಣಿದದ್ದು. ನೋಡಿ ನಗುತ್ತಲೇ ಇದ್ದಿರಿ. ನನ್ನ ಜಗಳ ಇಷ್ಟೇ.

ಸೋಮವಾರ ಮತ್ತೆ ಸ್ಕ್ಯಾನ್. ತೆಳ್ಳಗಾದದ್ದು ನನ್ನಿಂದಲೋ ಆ ಕಾಯಿಲೆಯಿಂದಲೋ, ಡಾಕ್ಟರು ಅಂದು ಹೇಳುತ್ತಾರೆ. ಬೆಲ್ಟಿಗೆ ಹೊಸ ತೂತು ಹಾಕಿಲ್ಲ. ಇವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಮನೆಯಲ್ಲಿ ಓಡಾಡುತ್ತಾ, "ನೋಡ್ ವಿಶಾ, ಹೀರೋ ಆಗೀನಿ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ತಲೆಯಿಟ್ಟರೆ ಈಗ ಪಕ್ಕೆಲುಬು ಒತ್ತುತ್ತದೆ.

ನೀವಿರುವಲ್ಲಿ ನಿಮಗೆ ನೆಮ್ಮದಿಯಿರಲಿ. ನಿಮ್ಮ ಮಗನಿಗೆ ನಿಮ್ಮ ನಗು ಬಂದಿದೆ. ಅದೊಂದೇ ಬಂದಿರಲಿ.

ನಿಮ್ಮ ಸೊಸೆ,
ವಿಶಾಖಾ